ಮಗಳಿಗೊಂದು ಪತ್ರ: ನಿನ್ನ ಸೀಟಿನ ಕೆಳಗೆ ಬೊಗಳಿದ ನಾಯಿ

ಪುಟ್ಟೀ,

ಮೊನ್ನೆ ಡೆಲ್ಲಿ ಫ್ಲೈಟಲ್ಲಿ ಕೂತ್ಕೊಂಡು ನೀನು ಹಾಕಿದ ಮೆಸೇಜು, "ಅಪ್ಪಾ ನನ್ ಸೀಟ್ ಕೆಳಗೆ ನಾಯಿ ಕಟ್ಟಾಕಿದಾರೆ, ಬೊಗಳ್ತಾನೇ ಇದೆ, ಪ್ಲೇನ್ ಸರಿ ಇದ್ಯಾ", ಅದನ್ನ ನಾನು ನೋಡಿದ್ದು ನೈಟ್ ಶಿಫ್ಟ್ ಮುಗಿಸಿ ಮಲಗೆದ್ದ ಮೇಲೆ. ಅಷ್ಟೊತ್ತಿಗೆ ನೀನು ಹಾಸ್ಟೆಲ್ ಸೇರಿ ಊಟಾನೂ ಮಾಡಾಗಿತ್ತು. "ಏನಿಲ್ಲ, ಅದು ಪಿಟಿಯು" ಅಂತ ಮೂರು ಪದ ಹಾಕಿ ಕೈತೊಳ್ಕೊಂಡೆ, ಪವರ್ ಟ್ರಾನ್ಸ್‌ಫರ್ ಯೂನಿಟ್ ಅಂತ ಬಿಡಿಸಿ ಕೂಡ ಹೇಳ್ಲಿಲ್ಲ, ನಿಂಗೆ ಸಿಟ್ಟು ಬಂತು, ಬರಬೇಕಾದ್ದೇ. ಇಷ್ಟು ವರ್ಷದಿಂದ ವಿಮಾನದ ಹೊಟ್ಟೆ ಕೆಳಗೆ ಟಾರ್ಚ್ ಹಿಡ್ಕೊಂಡು ಓಡಾಡೋ ಅಪ್ಪ ಸ್ವಂತ ಮಗಳಿಗೆ ಒಂದು ಸೌಂಡ್ ಏನು ಅಂತ ಹೇಳಕ್ಕಾಗದಿದ್ರೆ ಹೇಗೆ, ಅದಕ್ಕೆ ಈ ಪತ್ರ, ಸ್ವಲ್ಪ ಉದ್ದ ಆಗತ್ತೆ, ಸಹಿಸ್ಕೋ.

ನೀನು ಏಳನೇ ಕ್ಲಾಸಲ್ಲಿ ಸೈನ್ಸ್ ಎಕ್ಸಿಬಿಷನ್‌ಗೆ ಎರಡು ಸಿರಿಂಜು ಒಂದು ಡ್ರಿಪ್ ಪೈಪು ಹಾಕಿ ಜೆಸಿಬಿ ಮಾಡಿದ್ದೆ ನೆನಪಿದ್ಯಾ? ಚಿಕ್ಕ ಸಿರಿಂಜ್ ಒತ್ತಿದ್ರೆ ದೊಡ್ಡ ಸಿರಿಂಜು ಮೆಲ್ಲಗೆ ಮೇಲೆದ್ದು ರಟ್ಟಿನ ಕೈ ಎತ್ತೋದು. ವಿಮಾನದಲ್ಲಿರೋದೂ ಅದೇ ಪ್ಯಾಸ್ಕಲ್ ನಿಯಮ, ನೀರಿನ ಬದಲು ಎಣ್ಣೆ, ಪ್ರೆಶರ್ ಬೇರೆ. ನಮ್ಮನೆ ಕುಕ್ಕರ್ ವಿಸಿಲ್ ಹೊಡಿಯೋದು ಸುಮಾರು 15 ಪಿಎಸ್‌ಐನಲ್ಲಿ (ಒಂದು ಚದರ ಇಂಚಿನ ಮೇಲೆ ಎಷ್ಟು ಪೌಂಡ್ ಒತ್ತಡ ಅನ್ನೋ ಲೆಕ್ಕ), ನೀನು ಕೂತಿದ್ದ ಏರ್‌ಬಸ್ ಎ320ಯ ಪೈಪಲ್ಲಿ ಇರೋದು 3000. ಅಂದ್ರೆ ಒಂದೊಂದು ಚದರ ಸೆಂಟಿಮೀಟರ್ ಮೇಲೆ 210 ಕೆಜಿ ಭಾರ ಕೂತ ಹಾಗೆ, ಹತ್ತು ಚದರ ಸೆಂಟಿಮೀಟರ್ ಇರೋ ಒಂದು ಪಿಸ್ಟನ್ನು, ಲೆಕ್ಕ ಹಾಕು, ಎರಡು ಟನ್ ತಳ್ಳತ್ತೆ. ಗಂಟೆಗೆ 800 ಕಿಲೋಮೀಟರ್ ಗಾಳಿಗೆ ಎದುರಾಗಿ ರೆಕ್ಕೆ ಅಂಚಿನ ಹಲಗೆ ಎತ್ತೋಕೆ, ಚಕ್ರ ಒಳಗೆ ಎಳ್ಕೊಳೋಕೆ ಅಷ್ಟು ಬೇಕು, ಪೈಲಟ್ ಕೈಬಲದಲ್ಲಿ ಆಗೋ ಮಾತಲ್ಲ.

ಎಣ್ಣೆ ಅಂದೆನಲ್ಲ, ಅದು ಅಡುಗೆ ಎಣ್ಣೆ ತರ ಅಲ್ಲ, ನೇರಳೆ ಬಣ್ಣದ ಸ್ಕೈಡ್ರಾಲ್. ಸುಲಭಕ್ಕೆ ಬೆಂಕಿ ಹಿಡಿಯಲ್ಲ, ಅದಕ್ಕೇ ಬಿಸಿ ಬಿಸಿ ಬ್ರೇಕ್ ಪಕ್ಕದಲ್ಲೂ ಅದನ್ನ ಧೈರ್ಯವಾಗಿ ಓಡಿಸ್ತಾರೆ, ಆದ್ರೆ ಪೇಂಟ್ ತಿನ್ನತ್ತೆ, ಚರ್ಮ ಉರಿಸತ್ತೆ, ಕಣ್ಣಿಗೆ ಬಿದ್ರೆ ಕಥೆ ಮುಗೀತು, ಒಂದು ಗಂಟೆ ನಲ್ಲಿ ಕೆಳಗೆ ಮುಖ ಇಟ್ಕೊಂಡು ನಿಂತಿದೀನಿ ನಾನು. ಅಮ್ಮ ನನ್ನ ಯೂನಿಫಾರ್ಮ್‌ನ ಬೇರೆ ಬಕೆಟ್ಟಲ್ಲೇ ನೆನೆಹಾಕೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ. ಹೊಸದಾಗಿ ಸೇರಿದಾಗ ಒಂದು ಪೈಪ್ ಜಾಯಿಂಟ್ ಹತ್ರ ಮಂಜು ತರ ಏನೋ ಕಾಣ್ತಿದೆ ಅಂತ ಬೆರಳು ಹತ್ರ ತಗೊಂಡು ಹೋದೆ, ಸೀನಿಯರ್ ಫಟ್ ಅಂತ ಕೈ ಮೇಲೆ ಹೊಡೆದ್ರು. ಆಮೇಲೆ ಒಂದು ರಟ್ಟಿನ ತುಂಡು ಅಲ್ಲಿ ಹಿಡಿದು ತೋರಿಸಿದ್ರು, ರಟ್ಟು ಒದ್ದೆ ಆಗ್ಲಿಲ್ಲ ಪುಟ್ಟೀ, ಗೀರಿದ ಹಾಗೆ ತೂತಾಯ್ತು. ಕಣ್ಣಿಗೇ ಕಾಣದ ಸಣ್ಣ ತೂತಿಂದ ಬರೋ ಎಣ್ಣೆ ಇಂಜೆಕ್ಷನ್ ತರ ಚರ್ಮದೊಳಗೆ ಹೋಗ್ಬಿಡತ್ತೆ, ಬೆರಳು ಕತ್ತರಿಸೋ ತನಕ ಹೋಗಬಹುದು. ಅವತ್ತಿಂದ ನನ್ನ ಟೂಲ್‌ಬಾಕ್ಸಲ್ಲಿ ಒಂದು ಬಿಸ್ಕೆಟ್ ಡಬ್ಬಿ ರಟ್ಟು ಯಾವಾಗ್ಲೂ ಇರತ್ತೆ.

ಈ ಎಣ್ಣೆ ಇರೋ ಟ್ಯಾಂಕಿಗೆ ರಿಸರ್ವಾಯರ್ ಅಂತಾರೆ, ಅದನ್ನ ಇಂಜಿನ್ನಿಂದ ಬರೋ ಗಾಳಿಲಿ ಹಿಂದಿಂದ ಒತ್ತಿಟ್ಟಿರ್ತಾರೆ. ಯಾಕೆ ಗೊತ್ತಾ, ಎಳನೀರು ಸ್ಟ್ರಾ ಹಾಕಿ ಕುಡೀವಾಗ ಕೊನೇಲಿ ಸೊರ್ರ್ ಅಂತ ಗಾಳಿ ಬರತ್ತಲ್ಲ, ಪಂಪಿಗೆ ಹಾಗೆ ಆಗ್ಬಾರದು, ಮೇಲೆ ಗಾಳಿ ತೆಳು, ಎಣ್ಣೆ ನೊರೆ ಆಗೋಕೆ ಕಾಯ್ತಿರತ್ತೆ. ಪಂಪು ಇಂಜಿನ್ನಿನ ಗೇರ್‌ಬಾಕ್ಸಿಗೆ ಕಚ್ಕೊಂಡಿರತ್ತೆ, ಒಳಗೆ ವೃತ್ತಾಕಾರದಲ್ಲಿ ಪಿಸ್ಟನ್ನುಗಳು, ಅವುಗಳ ಎದುರು ಓರೆಯಾಗಿ ಇಟ್ಟ ಒಂದು ತಟ್ಟೆ. ಎಣ್ಣೆ ಬೇಕಾದಾಗ ತಟ್ಟೆ ಹೆಚ್ಚು ಓರೆ ಆಗತ್ತೆ, ಯಾರಿಗೂ ಬೇಡ ಅಂದಾಗ ನೆಟ್ಟಗಾಗಿ ಪಿಸ್ಟನ್ ಹೆಚ್ಚೂಕಮ್ಮಿ ನಿಂತ ಹಾಗೇ, ಪ್ರೆಶರ್ ಮಾತ್ರ 3000ದಲ್ಲೇ. ಎಷ್ಟು ಸಲ ಬಿಚ್ಚಿ ನೋಡಿದ್ರೂ ಇದನ್ನ ಯೋಚಿಸಿದವನಿಗೆ ಕೈಮುಗೀಬೇಕು ಅನ್ಸತ್ತೆ. ಪಂಪ್ ಸವೀತಿದೆಯಾ ಅಂತ ತಿಳಿಯೋಕೆ ನಾವು ಪಂಪ್ ಬಿಚ್ಚಲ್ಲ, ಪಂಪಿನೊಳಗೆ ಜಿನುಗಿದ ಎಣ್ಣೆ ವಾಪಸ್ ಹೋಗೋ ದಾರಿಲಿರೋ ಕೇಸ್ ಡ್ರೈನ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡೀತೀವಿ, ಒಳಗೆ ಚಿನ್ನದ ಪುಡಿ ತರ ಮಿನುಗಿದ್ರೆ ಆ ರಾತ್ರಿ ಮನೆಗೆ ಬರೋದು ಲೇಟು. ಉಳಿದಿದ್ದು ವಾಲ್ವು, ಮತ್ತೆ ಎಣ್ಣೆ ಒತ್ತಡದಲ್ಲಿ ತಳ್ಳೋ ಆಕ್ಚುಯೇಟರು, ಅದು ನಿನ್ನ ದೊಡ್ಡ ಸಿರಿಂಜೇ.

ಈಗ ನಾಯಿಗೆ ಬರ್ತೀನಿ. ಎ320ಯಲ್ಲಿ ಇಂಥ ಮೂರು ಸಿಸ್ಟಮ್ ಇದಾವೆ, ಗ್ರೀನು, ಬ್ಲೂ, ಯೆಲ್ಲೋ. ಗ್ರೀನ್ ಪಂಪ್ ಒಂದನೇ ಇಂಜಿನ್ ಮೇಲೆ, ಯೆಲ್ಲೋ ಎರಡನೇದರ ಮೇಲೆ, ಬ್ಲೂಗೆ ಕರೆಂಟ್ ಪಂಪು, ಕರೆಂಟೂ ಹೋದ್ರೆ ಹೊಟ್ಟೆಯಿಂದ ಒಂದು ಪುಟ್ಟ ಫ್ಯಾನ್ ಹೊರಗೆ ಬಿದ್ದು ಗಾಳಿಗೆ ತಿರುಗಿ ಬ್ಲೂನ ಜೀವಂತ ಇಡತ್ತೆ. ಮೂರಕ್ಕೂ ಬೇರೆ ಬೇರೆ ಟ್ಯಾಂಕು, ಬೇರೆ ಪೈಪು, ಒಂದರ ಎಣ್ಣೆ ಇನ್ನೊಂದಕ್ಕೆ ಒಂದು ಹನಿನೂ ಸೇರೋ ಹಾಗಿಲ್ಲ. ಸೇರಿದ್ರೆ ಒಂದು ಸೋರಿದಾಗ ಮೂರೂ ಖಾಲಿ.

ಆದ್ರೆ ಎರಡನೇ ಇಂಜಿನ್ ಆಫ್ ಇದ್ದಾಗ ಯೆಲ್ಲೋಗೆ ಯಾರು ದಿಕ್ಕು? ಅಲ್ಲಿ ಗ್ರೀನ್ ಮತ್ತೆ ಯೆಲ್ಲೋ ಮಧ್ಯೆ ಕೂತಿರೋದೇ ಪಿಟಿಯು. ಈ ಕಡೆ ಒಂದು ಮೋಟರು, ಆ ಕಡೆ ಒಂದು ಪಂಪು, ಮಧ್ಯೆ ಒಂದೇ ಶಾಫ್ಟು. ಗ್ರೀನ್ ಎಣ್ಣೆ ಬಂದು ಶಾಫ್ಟ್ ತಿರುಗಿಸಿ ತನ್ನ ಮನೆಗೆ ವಾಪಸ್ ಹೋಗತ್ತೆ, ಶಾಫ್ಟಿನ ಆ ತುದಿ ಯೆಲ್ಲೋ ಎಣ್ಣೆನ ಒತ್ತತ್ತೆ. ಶಕ್ತಿ ದಾಟತ್ತೆ, ಎಣ್ಣೆ ದಾಟಲ್ಲ. ಎರಡರ ಮಧ್ಯೆ 500 ಪಿಎಸ್‌ಐ ವ್ಯತ್ಯಾಸ ಬಂದ ತಕ್ಷಣ ಅದು ಗರ್ರ್ ಅಂತ ತಿರುಗತ್ತೆ, ಸಮ ಆಯ್ತು, ನಿಂತ್ಕೊಂತು, ಮತ್ತೆ ಇಳೀತು, ಮತ್ತೆ ಗರ್ರ್. ಅದೇ ನಿನ್ನ ಬೌ ಬೌ. ಇಂಧನ ಉಳಿಸೋಕೆ ಒಂದೇ ಇಂಜಿನ್ನಲ್ಲಿ ಟ್ಯಾಕ್ಸಿ ಮಾಡ್ತಾರೆ, ಅಂದ್ರೆ ನೆಲದ ಮೇಲೆ ಓಡಿಸ್ತಾರೆ, ಆಗ ಕೇಳತ್ತೆ, ಎರಡನೇ ಇಂಜಿನ್ ಸ್ಟಾರ್ಟ್ ಆಗುವಾಗ ತನ್ನನ್ನ ತಾನೇ ಟೆಸ್ಟ್ ಮಾಡ್ಕೊಳತ್ತೆ, ಆಗಲೂ ಕೇಳತ್ತೆ. ನಿನ್ನ ಸೀಟು ರೆಕ್ಕೆ ಹತ್ರ, ಅದು ಇರೋದು ಅಲ್ಲೇ ಕೆಳಗೆ. ಒಂದ್ವೇಳೆ ಒಂದು ಕಡೆ ಎಣ್ಣೆನೇ ಸೋರಿ ಹೋಗಿದ್ರೆ ಪೈಲಟ್ ಇದನ್ನ ಆಫ್ ಮಾಡ್ಬೇಕು, ಇಲ್ದಿದ್ರೆ ಇಲ್ಲದ ಎಣ್ಣೆಗೆ ಸುಮ್ನೆ ತಿರುಗಿ ತಿರುಗಿ ಕಾಯ್ದುಹೋಗತ್ತೆ.

ಬೇರೆ ಬೇರೆ ಅಂತ ಕಾಗದದ ಮೇಲೆ ಬರೆದ್ರೆ ಸಾಲಲ್ಲ ಅನ್ನೋದನ್ನೂ ಹೇಳ್ಬೇಕು, ನೀನು ಕೇಳೇ ಕೇಳ್ತೀಯ. 1989ರ ಜುಲೈ 19, ಅಮೆರಿಕದ ಯುನೈಟೆಡ್ ಏರ್‌ಲೈನ್ಸ್‌ನ ಫ್ಲೈಟ್ 232, ಡೆನ್ವರ್‌ನಿಂದ ಶಿಕಾಗೋಗೆ ಹೊರಟಿದ್ದ ಡಿಸಿ-10 ಅನ್ನೋ ಮೂರು ಇಂಜಿನ್ನಿನ ವಿಮಾನ. ಅದಕ್ಕೂ ಮೂರು ಸಿಸ್ಟಮ್ಮು. ಬಾಲದಲ್ಲಿದ್ದ ಇಂಜಿನ್ನಿನ ಫ್ಯಾನ್ ಡಿಸ್ಕ್ ಒಡೆದು ಚೂರುಗಳು ಹಾರಿದ್ವು, ಮೂರರ ಪೈಪೂ ಬಾಲದಲ್ಲಿ ಹತ್ತಿರ ಹತ್ತಿರ ಇದ್ವು, ಮೂರೂ ಖಾಲಿ. ಸ್ಟಿಯರಿಂಗ್ ಇಲ್ಲದ ಬಸ್ಸು ಅಂದ್ಕೋ. ಪ್ರಯಾಣಿಕನಾಗಿ ಕೂತಿದ್ದ ಡೆನಿಸ್ ಫಿಚ್ ಅನ್ನೋ ಡಿಸಿ-10 ಇನ್‌ಸ್ಟ್ರಕ್ಟರ್ ಕಾಕ್‌ಪಿಟ್ಟಿಗೆ ಬಂದು ಉಳಿದೆರಡು ಇಂಜಿನ್ನಿನ ಥ್ರಾಟಲ್, ಅಂದ್ರೆ ಇಂಜಿನ್ ಜೋರು ಕಮ್ಮಿ ಮಾಡೋ ಲಿವರ್, ಹಿಡಿದ, ಒಂದಕ್ಕೆ ಜಾಸ್ತಿ ಇನ್ನೊಂದಕ್ಕೆ ಕಮ್ಮಿ ಮಾಡ್ತಾ ಕ್ಯಾಪ್ಟನ್ ಆಲ್ ಹೇನ್ಸ್ ಟೀಮ್ ಜೊತೆ ಸೂ ಸಿಟಿ ರನ್‌ವೇ ತನಕ ತಂದ್ರು. 296 ಜನದಲ್ಲಿ 112 ಜನ ಹೋದ್ರು, 184 ಜನ ಉಳಿದ್ರು. ಆಮೇಲೆ ಡಿಸಿ-10ಗಳಿಗೆ ಬಾಲದಲ್ಲಿ ಪೈಪ್ ಒಡೆದ್ರೂ ಒಂದು ಸಿಸ್ಟಮ್‌ನ ಎಣ್ಣೆಯಾದ್ರೂ ಉಳೀಲಿ ಅಂತ ಮುಚ್ಕೊಳೋ ವಾಲ್ವ್ ಹಾಕಿದ್ರು. ನಾನು ಕ್ಲಾಂಪ್ ಟೈಟ್ ಮಾಡುವಾಗ ಎರಡು ಪೈಪ್ ಮಧ್ಯೆ ಬೆರಳು ತೂರತ್ತಾ ಅಂತ ಈಗಲೂ ನೋಡ್ತೀನಿ, ಜೊತೆ ಹುಡುಗರು ನಗ್ತಾರೆ.

ಚಟ್ನಿಪುಡಿ ಕೊರಿಯರ್ ಆಗಿದೆ, ನಾಳೆ ನಾಳಿದ್ದು ಸಿಗತ್ತೆ. ದಸರಾಗೆ ಬರುವಾಗ ಎ320 ಸಿಕ್ರೆ ಮತ್ತೆ ರೆಕ್ಕೆ ಹತ್ರದ ಸೀಟೇ ತಗೋ, ಫೋನು ಫ್ಲೈಟ್ ಮೋಡಲ್ಲೇ ಇಟ್ಟು ಆ ಸೌಂಡ್ ರೆಕಾರ್ಡ್ ಮಾಡ್ಕೊಂಡು ಬಾ, ವಿಮಾನದೊಳಗೆ ನಾಯಿ ಬೊಗಳತ್ತೆ ಅಂದ್ರೆ ಅಮ್ಮ ಇನ್ನೂ ನಂಬ್ತಿಲ್ಲ.

ನಿನ್ನ ಅಪ್ಪ