ಹೊಸ ಚಿಮಣಿ ಬೇಡ, ಮೊದಲು ಫಿಲ್ಟರ್ ಬಿಚ್ಚು

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು. ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಅಡುಗೆಮನೆ ಚಿಮಣಿ ಬರೀ ಸದ್ದು ಮಾಡುತ್ತೆ, ಹೊಗೆ ಎಳೆಯೋದಿಲ್ಲ, ಹೊಸದು ತಗೋಬೇಕು ಅಂತ. ಅಷ್ಟರಲ್ಲಿ ಲೈನು ಕಟ್ಟಾಯಿತು. ಮಳೆ ಹಿಡಿದರೆ ನಮ್ಮ ಕಡೆ ನೆಟ್‌ವರ್ಕ್ ಕತೆ ನಿನಗೆ ಗೊತ್ತೇ ಇದೆ. ಅದಕ್ಕೆ ಈ ಪತ್ರ.

ಹೊಸದು ತಗೋಬೇಡ. ಮದುವೆಯಾಗಿ ಮಡಿಕೇರಿಗೆ ಹೋದ ಮೇಲೆ ಆ ಫಿಲ್ಟರನ್ನು ಎಷ್ಟು ಸಲ ಬಿಚ್ಚಿದ್ದೀಯ? ಒಂದು ಸಲವೂ ಇಲ್ಲ ಅಂತಲೇ ನನ್ನ ಲೆಕ್ಕ. ಮೋಟಾರು ಕೆಟ್ಟಿರಲಿಕ್ಕಿಲ್ಲ, ಅದಕ್ಕೆ ಉಸಿರು ಕಟ್ಟಿದೆ.

ನಿಮ್ಮದು ಬ್ಯಾಫಲ್ ಫಿಲ್ಟರ್, ಮನೆಗೆ ಬಂದಾಗ ನೋಡಿದ್ದೆ. ಬಾಗಿದ ಸ್ಟೀಲ್ ಪಟ್ಟಿಗಳು ಸಾಲಾಗಿ ಇರುತ್ತವಲ್ಲ, ಹೊಗೆ ಅದರೊಳಗೆ ಹೊರಳಿ ಹೊರಳಿ ಹೋಗಬೇಕು. ಗಾಳಿ ಸುಲಭವಾಗಿ ಹೊರಳುತ್ತದೆ. ಎಣ್ಣೆಯ ಹನಿ ಹೊರಳಲಾರದೆ ಸ್ಟೀಲಿಗೆ ಬಡಿದು ಅಂಟಿಕೊಳ್ಳುತ್ತದೆ, ಆಮೇಲೆ ಕೆಳಗಿನ ತಟ್ಟೆಗೆ ಇಳಿಯುತ್ತದೆ. ಸೆಕೆಯ ಊರಲ್ಲಿ ಹೀಗೆ ಇಳಿಯಬಹುದು. ನಮ್ಮ ಮಳೆಗಾಲದ ಆಟಿ ತಿಂಗಳ ಚಳಿಯಲ್ಲಿ ಎಲ್ಲಿ ಇಳಿಯುತ್ತೆ? ಪಂದಿಕರಿ ಮಾಡಿ ರಾತ್ರಿ ಹಾಗೇ ಇಟ್ಟರೆ ಬೆಳಗ್ಗೆ ಮೇಲೆ ಬೆಳ್ಳಗೆ ನೆಣ ಕಟ್ಟಿರುತ್ತದೆ ಅಲ್ವಾ? ಅದೇ ನೆಣ ಫಿಲ್ಟರಿನ ಸಂದಿಯಲ್ಲೂ ಕೂತಿರುತ್ತದೆ. ಹೊಸ ಜಿಡ್ಡಾದರೆ ಬಿಸಿನೀರಿಗೆ ಬಿಡುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಒಲೆಯ ಕಾವಿಗೆ ಬೆಂದು ಬೆಂದು ಹಲಸಿನ ಮೇಣದ ಹಾಗೆ ಹಿಡಿದುಕೊಳ್ಳುತ್ತದೆ. ಆಮೇಲೆ ಉಜ್ಜಿ ಉಜ್ಜಿ ಕೈ ಸೋಲಬೇಕು.

ಅದಕ್ಕೆ ಮಳೆಗಾಲದಲ್ಲಿ 15 ದಿನಕ್ಕೊಮ್ಮೆ ತೊಳೆ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಸಾಕು. ನೆಂಟರಿಗೆಲ್ಲ ಅಡುಗೆ ಮಾಡಿದ ದಿನ ಇದ್ದರೆ ಮಾರನೆಯ ದಿನವೇ ಮಾಡಿಬಿಡು.

ಮೊದಲು ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತುಬಿಡು. ಒಲೆ ತಣ್ಣಗಾಗಿರಲಿ, ಅದರ ಮೇಲೆ ಹಳೆ ಪೇಪರ್ ಹಾಸು. ಸ್ಟೀಲ್ ಅಂಚು ಕೈ ಕೊಯ್ಯುತ್ತದೆ, ಗ್ಲೌಸ್ ಹಾಕಿಕೋ. ತಟ್ಟೆಯಲ್ಲಿ ನಿಂತ ಎಣ್ಣೆಯನ್ನು ದಯವಿಟ್ಟು ಸಿಂಕಿಗೆ ಸುರಿಯಬೇಡ ಮಗಳೇ. ಪೈಪಿನೊಳಗೆ ಹೆಪ್ಪುಗಟ್ಟಿದರೆ ಪ್ಲಂಬರನ್ನೇ ಕರೆಸಬೇಕು. ಪೇಪರಿನಲ್ಲಿ ಒರೆಸಿ ಕಸಕ್ಕೆ ಹಾಕು. ಫಿಲ್ಟರಿನ ಮೇಲಿನ ದಪ್ಪ ಜಿಡ್ಡನ್ನೂ ಹಾಗೇ ಒರೆಸು. ಆಮೇಲೆ ಅಗಲವಾದ ಟಬ್ಬಿನಲ್ಲಿ ಚೆನ್ನಾಗಿ ಕಾದ ನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಎರಡು ದೊಡ್ಡ ಚಮಚ ಅಡುಗೆ ಸೋಡಾ ಹಾಕಿ ಮುಳುಗಿಸಿಡು. 20 ನಿಮಿಷ ಮುಟ್ಟಬೇಡ. ನೋಡ್ತಾ ನೋಡ್ತಾ ನೀರು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ, ಮೇಲೆ ಜಿಡ್ಡಿನ ಕಣ್ಣುಗಳು ತೇಲುತ್ತವೆ. ಆಗ ಹಳೆ ಟೂತ್ ಬ್ರಶ್‌ನಲ್ಲಿ ಸಂದಿಸಂದಿ ಉಜ್ಜು. ತಂತಿ ಸ್ಕ್ರಬ್ಬರ್ ಬೇಡ, ಗೀರು ಬಿದ್ದ ಕಡೆ ಜಿಡ್ಡು ಇನ್ನೂ ಜಾಸ್ತಿ ಕೂರುತ್ತದೆ.

ಒಣಗಿಸೋದೇ ನಮ್ಮ ಕಡೆ ದೊಡ್ಡ ಕೆಲಸ. ಓರೆಯಾಗಿ ನಿಲ್ಲಿಸಿ ನೀರು ಸೋರಲು ಬಿಡು, ಬಟ್ಟೆಯಲ್ಲಿ ಒರೆಸು, ರಾತ್ರಿಯಿಡೀ ಫ್ಯಾನ್ ಕೆಳಗಿಡು. ಅರೆಬರೆ ಒಣಗಿದ್ದನ್ನು ಹಾಕಬೇಡ. ಹಾಗಂತ ಫಿಲ್ಟರ್ ಇಲ್ಲದೆ ಚಿಮಣಿ ಓಡಿಸಲೂ ಬೇಡ, ಜಿಡ್ಡೆಲ್ಲ ನೇರ ಮೋಟಾರಿಗೆ ಹೋಗುತ್ತದೆ. ಅವತ್ತು ಕಿಟಕಿ ತೆಗೆದು ಗಂಜಿ ಮಾಡಿಕೊಳ್ಳಿ.

ನಿಮ್ಮ ಅಮ್ಮನಿಗೂ ಒಂದು ಮಾತು ಹೇಳು. ಅವಳ ಮನೆಯದು ಅಲ್ಯೂಮಿನಿಯಂ ಜಾಲರಿ. ನನ್ನ ಹಳೆಯ ಚಿಮಣಿಯೂ ಅದೇ ಇತ್ತು. ಯಾರೋ ಹೇಳಿದರು ಅಂತ ಕಾಸ್ಟಿಕ್ ಸೋಡಾ ನೀರಿಗೆ ಹಾಕಿದೆ. ಬುಸಬುಸ ನೊರೆ ಎದ್ದಿತು, ಮೂಗು ಉರಿಯಿತು. ಹೊರತೆಗೆದಾಗ ಜಾಲರಿ ಕರ್ರಗಾಗಿತ್ತು. ಅದನ್ನು ಎಸೆಯಬೇಕಾಯಿತು.

ಈಗ ನಾನು ನಿಜವಾಗಿ ಹೆದರುವ ವಿಷಯ. ಹೋದ ವರ್ಷ ಕೈಲ್ ಮುಹೂರ್ತ ಹಬ್ಬದ ಹಿಂದಿನ ದಿನ, ದೊಡ್ಡ ಬಾಣಲೆಯಲ್ಲಿ ಮಾಂಸ ಹುರಿಯುತ್ತಿದ್ದೆ. ತಲೆ ಎತ್ತಿ ನೋಡಿದರೆ ಫಿಲ್ಟರಿನ ಅಂಚಿನಲ್ಲಿ ಕಂದು ಬಣ್ಣದ ಹನಿಯೊಂದು ಜೇನಿನಂತೆ ತೂಗುತ್ತಿತ್ತು. ತಟ್ಟೆ ತುಂಬಿತ್ತು, ನಾನು ನೋಡಿರಲಿಲ್ಲ. ಹನಿ ಬಾಣಲೆಯ ಅಂಚಿಗೆ ಬಿದ್ದು ಬೆಂಕಿಗೆ ಜಾರಿತು. ಭಗ್ ಅಂತ ಒಂದು ಮೊಳ ಎದ್ದ ಜ್ವಾಲೆ ಚಿಮಣಿಯನ್ನು ಮುಟ್ಟಿ ಬಂತು. ದೇವರು ದೊಡ್ಡವನು, ಅಲ್ಲಿಗೇ ಆರಿತು. ಫಿಲ್ಟರಿನ ಜಿಡ್ಡಿಗೆ ಹತ್ತಿದ್ದರೆ ಪೈಪಿನೊಳಗೆ ಏರುತ್ತಿತ್ತು. ನಿನ್ನ ಮನೆಯಲ್ಲಿ ಹಾಗೇನಾದರೂ ಆದರೆ ಗ್ಯಾಸ್ ಆಫ್ ಮಾಡು, ಚಿಮಣಿ ಆಫ್ ಮಾಡು, ಬಾಣಲೆಗೆ ಮುಚ್ಚಳ ಮುಚ್ಚು. ನೀರು ಮಾತ್ರ ಹಾಕಬೇಡ. ಬೆಂಕಿ ಮೇಲಕ್ಕೆ ಹತ್ತಿದ್ದರೆ ನಿಲ್ಲಬೇಡ, ಹೊರಗೆ ಬಂದು 112ಕ್ಕೆ ಫೋನ್ ಮಾಡು.

ನನ್ನ ಅಜ್ಜಿಯ ಅಡುಗೆಮನೆಯಲ್ಲಿ ಹೊಗೆ ಬೇಕಿತ್ತು. ಸೌದೆ ಒಲೆಯ ಮೇಲಿನ ಅಟ್ಟದಲ್ಲಿ ಮಾಂಸ ಒಣಗುತ್ತಿದ್ದುದೇ ಆ ಹೊಗೆಗೆ. ಹೆಂಚಿನ ಸಂದಿಯಲ್ಲಿ ತಾನೇ ಹೊರಗೆ ಹೋಗುತ್ತಿತ್ತು. ನಿನ್ನ ಮನೆಗೆ ಮೇಲೆ ಕಾಂಕ್ರೀಟು, ಹೊಗೆಗೆ ಮೇಲೆ ಹೋಗಲು ಇರುವ ದಾರಿ ಆ ಚಿಮಣಿಯೊಂದೇ.

ಈ ಭಾನುವಾರವೇ ಬಿಚ್ಚು. ತೊಳೆದು ಒಣಗಿಸಿ ಹಾಕಿದ ಮೇಲೆ, ಒಲೆ ಹಚ್ಚುವ ಮೊದಲು ಚಿಮಣಿ ಓಡಿಸಿ ಒಂದು ತೆಳು ಪೇಪರ್ ಹಾಳೆಯನ್ನು ಫಿಲ್ಟರಿಗೆ ಹಿಡಿ. ಅಂಟಿಕೊಂಡು ನಿಂತರೆ ಸರಿ. ಬಿದ್ದುಹೋದರೆ ಹೊರಗಿನ ಪೈಪಿನ ಬಾಯಿ ಕಟ್ಟಿರಬಹುದು, ಕಣಜ ಗೂಡು ಕಟ್ಟುವುದುಂಟು. ನೀನು ಏಣಿ ಹತ್ತಬೇಡ. ದೊಡ್ಡಪ್ಪ ಮುಂದಿನ ವಾರ ಮಡಿಕೇರಿಗೆ ಬರುತ್ತಾರೆ, ಅವರೇ ನೋಡುತ್ತಾರೆ. ಅವರ ಕೈಯಲ್ಲಿ ಅಡುಗೆಯ ಹುಳಿಗೆ ಕಾಚಂಪುಳಿ ಕಳಿಸುತ್ತೇನೆ, ಖಾಲಿ ಬಾಟಲಿ ಅವರ ಜೊತೆಗೇ ವಾಪಸ್ ಕಳಿಸು.

ಇಂತಿ ನಿನ್ನ
ದೊಡ್ಡಮ್ಮ