ಲಾಭ ಬಂದದ್ದಾದರೆ ದುಡ್ಡೆಲ್ಲಿ ಮಾವ?

ಉಡುಪಿ
ಬಿಸುವಿನ (ತುಳುನಾಡಿನ ಹೊಸ ವರ್ಷದ) ಮರುದಿನ, ಏಪ್ರಿಲ್

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನಿನ್ನೆ ಊಟ ಮುಗಿಸಿ ಕೈತೊಳೆಯುವಾಗ ನೀನು ಕೇಳಿದ ಪ್ರಶ್ನೆ ತಲೆಯಿಂದ ಹೋಗಲೇ ಇಲ್ಲ. "ಆಡಿಟರು ಆರು ಲಕ್ಷ ಲಾಭ ತೋರಿಸಿದ್ದಾರೆ, ಬ್ಯಾಂಕಿನಲ್ಲಿ ನಲವತ್ತು ಸಾವಿರವೂ ಇಲ್ಲ. ಲಾಭ ಬಂದದ್ದಾದರೆ ದುಡ್ಡೆಲ್ಲಿ ಮಾವ?" ಸುತ್ತ ನೆಂಟರಿದ್ದರು, ಅಲ್ಲಿ ಬಿಡಿಸಿ ಹೇಳಲಿಕ್ಕೆ ಆಗಲಿಲ್ಲ. ಆಡಿಟರ ಮೇಲೆ ನಿನಗೆ ಸಂಶಯ ಹುಟ್ಟಿದ್ದು ಮಾತ್ರ ಗೊತ್ತಾಯಿತು. ಅವರ ಲೆಕ್ಕ ಸರಿಯಾಗಿಯೇ ಉಂಟು, ನಿನ್ನ ಪಾಸ್‌ಬುಕ್ಕೂ ಸರಿಯೇ. ನೀನು ಒಂದರ ಹತ್ತಿರ ಕೇಳಬೇಕಾದ್ದನ್ನು ಇನ್ನೊಂದರ ಹತ್ತಿರ ಕೇಳುತ್ತಿದ್ದೀ.

ನಿನ್ನ ಅಜ್ಜ ಬರೆಯುತ್ತಿದ್ದದ್ದು ಬರೀ ನಗದು ಪುಸ್ತಕ. ಹಣ ಕೈಗೆ ಬಂದ ದಿನ ಆದಾಯ, ಕೈಬಿಟ್ಟ ದಿನ ಖರ್ಚು. ಆಡಿಟರು ಬರೆಯುವುದು ಅಕ್ರುವಲ್, ಅವರ ಬಾಯಲ್ಲಿ ಮರ್ಕಂಟೈಲ್ ಪದ್ಧತಿ. ಮಾಲು ಕೊಟ್ಟು ಬಿಲ್ಲು ಹರಿದ ದಿನವೇ ಅಲ್ಲಿ ವ್ಯಾಪಾರ ಆಯಿತು, ಹಣ ದೀಪಾವಳಿಗೆ ಬರಲಿ, ಮುಂದಿನ ಬಿಸುವಿಗೆ ಬರಲಿ. ಖರ್ಚೂ ಹಾಗೆಯೇ. ಮಾರ್ಚ್ ತಿಂಗಳ ಕರೆಂಟು ಬಿಲ್ಲನ್ನು ಏಪ್ರಿಲಿನಲ್ಲಿ ಕಟ್ಟಿದರೂ ಅದು ಮಾರ್ಚಿನ ಖರ್ಚು.

ನಿನ್ನ ಅಂಗಡಿಯದ್ದೇ ಉದಾಹರಣೆ ತೆಗೆದುಕೋ. ಆಗಸ್ಟಿನಲ್ಲಿ ಮಲ್ಪೆಯಿಂದ ಬೋಟುಗಳು ಕಡಲಿಗೆ ಇಳಿಯುವ ಹೊತ್ತಿಗೆ ಬಲೆ, ಹಗ್ಗ, ಎಂಜಿನ್ ಸ್ಪೇರು ಎಲ್ಲ ಸೇರಿ 5,00,000 ರೂಪಾಯಿಗೆ ಮಾರಿದಿ ಅಂತ ಇಟ್ಟುಕೊಳ್ಳುವ. ನಗದು ಬಂದದ್ದು 1,20,000, ಉಳಿದ 3,80,000 ಉದ್ರಿ. ಆ ಮಾಲಿನ ಅಸಲು 4,00,000, ಅದನ್ನು ನೀನೂ ಎರಡು ತಿಂಗಳ ಸಾಲಕ್ಕೆ ತಂದದ್ದು. ಬಾಡಿಗೆ, ಹುಡುಗರ ಸಂಬಳ 45,000 ಕೊಟ್ಟಾಯಿತು. ಜಿಎಸ್‌ಟಿಯನ್ನು ಸದ್ಯಕ್ಕೆ ಬದಿಗಿಡು. ನಗದು ಪುಸ್ತಕದ ಪ್ರಕಾರ ಆಗಸ್ಟಿನಲ್ಲಿ 75,000 ಉಳಿತಾಯ. ಅಕ್ರುವಲ್ ಪ್ರಕಾರ ಲಾಭ 55,000.

ಅಕ್ಟೋಬರಿಗೆ ಬಾ. ಬಲೆ ಕೊಟ್ಟವನಿಗೆ 4,00,000 ಕಟ್ಟಲೇಬೇಕು. ಬೋಟಿನವರಿಂದ ಹಳೇ ಉದ್ರಿಯಲ್ಲಿ ಬಂದದ್ದು 2,50,000. ನಗದು ಪುಸ್ತಕ ಈಗ ಒಂದೂವರೆ ಲಕ್ಷ ಹೋಯಿತು ಅನ್ನುತ್ತದೆ. ಆಗಸ್ಟಿನಲ್ಲಿ ಹಿಗ್ಗಿದ ಮನುಷ್ಯ ಅಕ್ಟೋಬರಿನಲ್ಲಿ ಅಂಗಡಿ ಮುಚ್ಚಬೇಕು ಅಂದುಕೊಳ್ಳುತ್ತಾನೆ. ವ್ಯಾಪಾರ ಮಾತ್ರ ಅದೇ ಒಂದು. ಎರಡು ತಿಂಗಳದ್ದನ್ನೂ ಕೂಡಿಸಿದರೆ ಗಲ್ಲಾ ಪೆಟ್ಟಿಗೆಯಲ್ಲಿ 75,000 ಕಡಿಮೆ, ಹೊರಗೆ ಬಾಕಿ 1,30,000. ಆ ಬಾಕಿ ಬಂದರೆ ತೂತು ಮುಚ್ಚಿ 55,000 ಉಳಿಯುತ್ತದೆ. ದುಡ್ಡೆಲ್ಲಿ ಅಂತ ಕೇಳಿದಿಯಲ್ಲ, ಅಲ್ಲಿ ಉಂಟು: ಬೋಟಿನವರ ಉದ್ರಿಯಲ್ಲಿ, ಹಣ ಕೊಟ್ಟು ತಂದು ಇನ್ನೂ ಮಾರದೆ ಗೋಡೌನಿನಲ್ಲಿ ಕೂತ ಬಲೆಯಲ್ಲಿ.

ಇನ್ನೂ ಕೆಲವು ಕಡೆ ಇರಬಹುದು. ದಿನಾ ಸಂಜೆ ಪಿಗ್ಮಿಗೆ ಕಟ್ಟುತ್ತೀಯಲ್ಲ, ಅದು ಖರ್ಚಲ್ಲ, ನಿನ್ನದೇ ಹಣ ಜಾಗ ಬದಲಾಯಿಸಿದ್ದು. (ನಮ್ಮ ಉಡುಪಿಯ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಶುರುಮಾಡಿದ ಪಿಗ್ಮಿ ದಿನಕ್ಕೆ ಎರಡಾಣೆಯದ್ದು. ನಮ್ಮ ಮನೆಯಲ್ಲಿ ಮೊದಲ ಉಳಿತಾಯ ಅಂತ ಆದದ್ದು ಅದರಿಂದಲೇ.) ವ್ಯಾನಿನ ಸಾಲದ ಕಂತಿನಲ್ಲಿಯೂ ಬಡ್ಡಿಯ ಪಾಲು ಮಾತ್ರ ಖರ್ಚು, ಅಸಲಿನ ಪಾಲು ಸಾಲ ತೀರಿಸಿದ್ದು. ಪಾಸ್‌ಬುಕ್ಕಿನಲ್ಲಿ ಎಲ್ಲವೂ ಒಂದೇ ಥರ ಹೊರಗೆ ಹೋದ ಹಾಗೆ ಕಾಣುತ್ತದೆ.

ನಾನು ಇದನ್ನು ಕಲಿತದ್ದು ಪೆಟ್ಟು ತಿಂದು. ಐಸ್ ಪ್ಲಾಂಟ್ ನಡೆಸುತ್ತಿದ್ದ ಕಾಲ. ಒಂದು ವರ್ಷ ಏಪ್ರಿಲಿನಲ್ಲಿ ಪೆಟ್ಟಿಗೆ ತುಂಬ ಹಣ. ವ್ಯಾಪಾರ ಚಂದ ಆಗಿದೆ ಅಂತ ಟೆಂಪೋ ಖರೀದಿಸಿದೆ. ಆ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಮೀನು ವ್ಯಾಪಾರಿಗಳು ಮುಂದಿನ ಸೀಸನ್ನಿನ ಐಸಿಗೆ ಕೊಟ್ಟ ಮುಂಗಡ. ನಗದು ಪುಸ್ತಕದಲ್ಲಿ ಅದನ್ನೂ ಆದಾಯ ಅಂತಲೇ ಬರೆದಿದ್ದೆ. ಅಕ್ರುವಲ್ ಬರೆಯುವವನಾಗಿದ್ದರೆ ಅದು ಹೊಣೆಯ ಬದಿಗೆ ಹೋಗಬೇಕಿತ್ತು, ಐಸ್ ಕೊಡುವ ತನಕ ಅದು ನನ್ನದಲ್ಲ. ಆಗಸ್ಟಿನಲ್ಲಿ ಐಸ್ ಮಾಡಲಿಕ್ಕೆ ಕರೆಂಟಿಗೂ ಕೂಲಿಗೂ ಹಣವಿಲ್ಲದೆ ನಿನ್ನ ಅತ್ತೆಯ ಬಳೆ ಸೊಸೈಟಿಯಲ್ಲಿ ಅಡವಿಟ್ಟೆ. ಅವಳು ಒಂದು ಮಾತೂ ಆಡಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಹಾಗಂತ ಅಕ್ರುವಲ್ ಒಂದನ್ನೇ ನಂಬಿ ಕೂರಬೇಡ. ಅದರ ಅಪಾಯವೇ ಬೇರೆ. ಬಿಲ್ಲು ಹರಿದ ಕೂಡಲೇ ಲಾಭ ಕಾಣುತ್ತದೆ, ವಸೂಲಾಗದ ಬಾಕಿಯನ್ನು ಬರೆದು ತೆಗೆಯದಿದ್ದರೆ ವರ್ಷಗಟ್ಟಲೆ ಲಾಭವಾಗಿಯೇ ಉಳಿಯುತ್ತದೆ. ಬೋಟು ಮಾರಿ ಊರು ಬಿಟ್ಟವನ ಹೆಸರು ನಿನ್ನ ಖಾತೆಯಲ್ಲಿ ಇನ್ನೂ ಉಂಟು ಅಂತ ನಿನ್ನ ಅಮ್ಮ ಹೇಳಿದಳು. ಅದನ್ನು ಆಡಿಟರಿಗೆ ಹೇಳು. ಕಾಗದದ ಲಾಭಕ್ಕೆ ತೆರಿಗೆಯೂ ಬೀಳುತ್ತದೆ, ಜಿಎಸ್‌ಟಿಯಂತೂ ಕಾಯುವುದೇ ಇಲ್ಲ. ತಿಂಗಳ ರಿಟರ್ನ್ ಹಾಕುವವನು ನೀನು. ಆಗಸ್ಟಿನಲ್ಲಿ ಬಿಲ್ಲು ಹರಿದರೆ ಸೆಪ್ಟೆಂಬರ್ 20ರೊಳಗೆ ಕಟ್ಟಬೇಕು, ಬೋಟಿನವನು ಕೊಟ್ಟಿದ್ದಾನೋ ಇಲ್ಲವೋ ಅಂತ ಯಾರೂ ಕೇಳುವುದಿಲ್ಲ.

ಕಾನೂನಿನ ಮಾತು ಸಂಕ್ಷಿಪ್ತವಾಗಿ. ಕಂಪನಿಗಳಿಗೆ ಆಯ್ಕೆಯಿಲ್ಲ, 2013ರ ಕಂಪನಿ ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಅಕ್ರುವಲ್‌ನಲ್ಲಿಯೇ ಬರೆಯಬೇಕು. ನಿನ್ನಂಥ ಸ್ವಂತ ಅಂಗಡಿಯವನಿಗೆ ಆದಾಯ ತೆರಿಗೆಯಲ್ಲಿ ನಗದು ಅಥವಾ ಮರ್ಕಂಟೈಲ್ ಎರಡರಲ್ಲಿ ಒಂದನ್ನು ಹಿಡಿಯಲಿಕ್ಕೆ ಬಿಡುತ್ತಾರೆ, ಆದರೆ ಹಿಡಿದದ್ದನ್ನು ವರ್ಷ ವರ್ಷ ಬಿಡದೆ ನಡೆಸಬೇಕು. ಸೀಟಿನಲ್ಲಿ ಕೂತು ಆಗಲೇ ಫೀಸು ತೆಗೆದುಕೊಳ್ಳುವ ಡಾಕ್ಟರಿಗೆ ನಗದು ಸಾಕು. ಉದ್ರಿ ಕೊಟ್ಟು, ಉದ್ರಿ ತಂದು ನಡೆಸುವ ನಿನಗೆ ಸಾಲದು. ಮರ್ಕಂಟೈಲ್‌ನಲ್ಲಿಯೂ ಒಂದು ಕಟ್ಟುಪಾಡು ಉಂಟು, ಮರೆಯಬೇಡ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರಕಾರ ಕೊಡುವ ನೋಂದಣಿ) ಇರುವ ಸಣ್ಣ ತಯಾರಕನಿಂದ ಬಲೆ ತಂದರೆ ಬರವಣಿಗೆಯ ಒಪ್ಪಂದ ಇದ್ದಾಗ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ಆ ಗಡುವು ಮೀರಿ, ಮಾರ್ಚ್ 31 ಕೂಡ ದಾಟಿದರೆ ಆ ಖರೀದಿ ಆ ವರ್ಷದ ಖರ್ಚಾಗಿ ಸಿಗುವುದಿಲ್ಲ, ಕೊಟ್ಟ ವರ್ಷಕ್ಕೇ ಸಿಗುವುದು. 2024-25ರ ಅಸೆಸ್‌ಮೆಂಟ್ ವರ್ಷದಿಂದ ಹೀಗೆ. ಎರಡು ತಿಂಗಳ ಸಾಲ ಅಂತ ನೀನು ಹೇಳುತ್ತಿದ್ದಿಯಲ್ಲ, ಕೊಡುವವನು ಯಾರು ಅಂತ ವಿಚಾರಿಸು.

ಇನ್ನು ಈಗಲೇ ಆಗಬೇಕಾದ ಕೆಲಸ. ಜೂನ್ 1ರಿಂದ ಜುಲೈ 31ರ ತನಕ, 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ. ಬೋಟು ದಡಕ್ಕೆ ಬಂದ ಮೇಲೆ ಅವರ ಕೈಯಲ್ಲಿಯೂ ಹಣ ಇರುವುದಿಲ್ಲ, ಕೇಳಿದರೆ ಮನಸ್ತಾಪ ಅಷ್ಟೆ. ನಿನಗೆ ಮಾತ್ರ ಬಾಡಿಗೆ, ಸಂಬಳ, ಬ್ಯಾಂಕಿನ ಬಡ್ಡಿ ತಪ್ಪುವುದಿಲ್ಲ. ಇನ್ನು ಒಂದೂವರೆ ತಿಂಗಳು ಉಂಟು. ಲೆಕ್ಕ ಬರೆಯುವ ಕಂಪ್ಯೂಟರಿನ ಟ್ಯಾಲಿಯಿಂದ ಬಾಕಿದಾರರ ಪಟ್ಟಿ ತೆಗೆಸು: 30 ದಿನದ ಒಳಗಿನದ್ದು, 60ರದ್ದು, 90 ದಾಟಿದ್ದು ಬೇರೆ ಬೇರೆ. ಸರಕು, ಬಾಕಿ ನೋಡಿ ಕೊಡುವ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲದ ಬ್ಯಾಂಕಿನವರೂ ಸಾಮಾನ್ಯವಾಗಿ 90 ದಾಟಿದ ಬಾಕಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಜೂನ್, ಜುಲೈಯಲ್ಲಿ ಯಾವ ತಾರೀಕಿಗೆ ಎಷ್ಟು ಕೊಡಬೇಕು ಅನ್ನುವುದನ್ನು ಇನ್ನೊಂದು ಹಾಳೆಯಲ್ಲಿ ಬರೆ.

ಎರಡೂ ಹಾಳೆ ಹಿಡಿದು ಭಾನುವಾರ ಬೆಳಿಗ್ಗೆ ಬಾ. 90 ದಾಟಿದವರಲ್ಲಿ ನಾಲ್ಕೈದು ಜನ ನನಗೆ ಹಳೇ ಪರಿಚಯದವರು, ಬಂದರಿಗೆ ನಾನೂ ಜೊತೆಗೆ ಬರುತ್ತೇನೆ.

ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಸೋದರಮಾವ