ನೀರು ಜಾಸ್ತಿ ಕುಡಿ ಅಂದರೆ ಸಾಕಾ ಪುಟ್ಟಿ?

ಪ್ರೀತಿಯ ಪುಟ್ಟಿ,

ಬೆಂಗಳೂರಿನ ಪೌರಕಾರ್ಮಿಕ ಹೆಂಗಸರ ಆರೋಗ್ಯದ ಸಂಶೋಧನೆಗೆ ಸೇರಿದೆ ಅಂತ ನಿಮ್ಮಮ್ಮ ಹೇಳಿದಳು. ತುಂಬಾ ಖುಷಿಯಾಯಿತು. ನೀನು ಕಳಿಸಿದ ಪ್ರಶ್ನೆಪಟ್ಟಿ ಓದಿದೆ. 32 ಪ್ರಶ್ನೆ ಬೇಡ ಕಣೇ. ಆರೇಳು ಸಾಕು, ಮಿಕ್ಕಿದ್ದನ್ನು ಅವರೇ ಹೇಳುತ್ತಾರೆ.

ಇಂಥದ್ದೇ ಅಧ್ಯಯನದಲ್ಲಿ ಹಿಂದೆ ನಾನು ಮಾಡಿದ ತಪ್ಪು ನೀನು ಮಾಡಬೇಡ. ಬೆಳಿಗ್ಗೆ ಹಾಜರಿ ಹಾಕುವ ಜಾಗದಲ್ಲೇ ಹತ್ತು ಜನರನ್ನು ಕೂರಿಸಿ ಗುಂಪು ಚರ್ಚೆ ಮಾಡಿದ್ದೆ. ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದ. ಏನು ಕೇಳಿದರೂ "ಏನೂ ತೊಂದ್ರೆ ಇಲ್ಲ ಮೇಡಂ". ಅದನ್ನೇ ಬರೆದುಕೊಂಡು ಬಂದೆ.

ಎರಡು ವಾರ ಬಿಟ್ಟು ಅವರಲ್ಲೇ ಒಬ್ಬರ ಮನೆಗೆ ಸಂಜೆ ಹೋದೆ. ಅಕ್ಕ ಟೀ ಸೋಸುತ್ತಾ, ನನ್ನ ಕಡೆ ನೋಡದೆಯೇ ಹೇಳಿದರು: ಬೆಳಿಗ್ಗೆ ಮನೆ ಬಿಟ್ಟರೆ ಕೆಲಸ ಮುಗಿಯುವ ತನಕ ಒಂದು ಗುಟುಕು ನೀರೂ ಕುಡಿಯಲ್ಲ, ಕುಡಿದರೆ ಎಲ್ಲಿಗೆ ಹೋಗೋದು, ಗುಡಿಸೋ ಬೀದಿಯಲ್ಲಿ ಯಾರು ತಾನೇ ಬಾಗಿಲು ತೆಗೀತಾರೆ? ಒಂದು ಮನೆಯವರು ನೀರು ಕೊಟ್ಟರಂತೆ, ಮೇಲಿಂದ ಬೊಗಸೆಗೆ ಸುರಿದು. ವರ್ಷಗಳಿಂದ ಉರಿಮೂತ್ರ. ಡಾಕ್ಟರು "ನೀರು ಜಾಸ್ತಿ ಕುಡಿಯಮ್ಮ" ಅಂತ ಹೇಳಿ ಕಳಿಸಿದ್ದರಂತೆ.

ಎಷ್ಟು ಜನಕ್ಕೆ ಸೋಂಕಿದೆ ಅಂತ ಲೆಕ್ಕ ಹಾಕುವವರು ಬೇರೆ ಇದ್ದಾರೆ. ಆ ನೀರಿನ ಕಥೆ ಕೇಳಿಸಿಕೊಳ್ಳೋದು ನಿನ್ನ ಕೆಲಸ. ಆರೋಗ್ಯದ ಅಧ್ಯಯನದಲ್ಲಿ ಜಾತಿ ಯಾಕೆ ಅಂತ ಯಾರಾದರೂ ಕೇಳಿದರೆ ಆ ಬೊಗಸೆಯನ್ನು ನೆನಪು ಮಾಡು. ಈ ಕೆಲಸದಲ್ಲಿ ಇರುವವರು ಬಹುಪಾಲು ದಲಿತರು. 2010ರಲ್ಲಿ ಹಾವೇರಿ ಜಿಲ್ಲೆ ಸವಣೂರಿನಲ್ಲಿ, ಮಲ ಹೊರುವ ಕೆಲಸಕ್ಕೆ ದೂಡಲ್ಪಟ್ಟ ಭಂಗಿ ಸಮುದಾಯದವರು ಪುರಸಭೆ ಎದುರು ಮೈಮೇಲೆ ಮಲ ಸುರಿದುಕೊಳ್ಳಬೇಕಾಯಿತು, ಮಾತನ್ನು ಯಾರೂ ಕೇಳಿಸಿಕೊಳ್ಳದೇ ಇದ್ದದ್ದಕ್ಕೆ.

ಇನ್ನೊಂದು ವಿಷಯ. ಎಷ್ಟೋ ಜನರ ಮನೆಮಾತು ತೆಲುಗು. ನಮ್ಮ ಜೊತೆ ಕನ್ನಡ ಮಾತಾಡಿದರೂ ನೋವಿನ ಮಾತು ತೆಲುಗಲ್ಲೇ ಬರುತ್ತೆ. ಅವತ್ತು ನನಗೆ ಅರ್ಧವೂ ತಿಳಿಯಲಿಲ್ಲ. ತೆಲುಗು ಬರುವವರನ್ನು ಕರೆದುಕೊಂಡು ಹೋಗು, ಆದರೆ ಮೇಸ್ತ್ರಿ ಕಡೆಯವರನ್ನಲ್ಲ. ಸೆಪ್ಟೆಂಬರ್ 23, ಪೌರಕಾರ್ಮಿಕರ ದಿನದ ಹಿಂದೆಮುಂದೆ ಸಂದರ್ಶನ ಬೇಡ. ಆಗೆಲ್ಲಾ ಸನ್ಮಾನದ ಮಾತೇ ಜಾಸ್ತಿ.

ಒಪ್ಪಿಗೆ ಪತ್ರದ ವಿಷಯ ಕೇಳಿದ್ದೆ ಅಲ್ವಾ? ಓದು ಬಾರದವರಿಗೆ ಓದಿ ಹೇಳಿ, ಸಾಕ್ಷಿಯ ಎದುರು ಹೆಬ್ಬೆಟ್ಟು ತೆಗೆದುಕೊಳ್ಳಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿದೆ. ಆದರೆ ಹೆಬ್ಬೆಟ್ಟು ಅಂದರೆ ಹೆದರುವವರೂ ಇದ್ದಾರೆ. ಬಾಯಿಮಾತಿನ ಒಪ್ಪಿಗೆಗೆ ನಿಮ್ಮ ಎಥಿಕ್ಸ್ ಕಮಿಟಿಯಿಂದ ಮೊದಲೇ ಅನುಮತಿ ತಗೋ. ಬೇಡ ಅಂದರೆ ಬಿಟ್ಟುಬಿಡು, ಯಾಕೆ ಅಂತ ಕೇಳಬೇಡ. ಹೆಸರು ಬದಲಿಸಿದರೆ ಮುಗಿಯಿತು ಅಂದುಕೊಳ್ಳಬೇಡ. ವಾರ್ಡಿನ ಹೆಸರು ಹಾಕಿ "ಮೂರು ಮಕ್ಕಳ ವಿಧವೆ" ಅಂತ ಬರೆದರೆ ಅದು ಯಾರು ಅಂತ ಮೇಸ್ತ್ರಿಗೆ ತಕ್ಷಣ ಗೊತ್ತಾಗುತ್ತೆ. ಕೆಲಸ ಹೋಗೋದು ಅವರದ್ದು.

ನಾನು ವರದಿ ಹಿಡಿದುಕೊಂಡು ಆ ಅಕ್ಕನ ಮನೆಗೆ ವಾಪಸ್ ಹೋದಾಗ ಒಂದೂವರೆ ವರ್ಷ ಕಳೆದಿತ್ತು. ಅವರು ಮನೆ ಖಾಲಿ ಮಾಡಿದ್ದರು. ಎಲ್ಲಿಗೆ ಹೋದರು ಅಂತ ಅಕ್ಕಪಕ್ಕದವರಿಗೂ ಗೊತ್ತಿರಲಿಲ್ಲ. ಅವರ ಮಾತನ್ನು ನಾನು ಸರಿಯಾಗಿ ಬರೆದೆನಾ ಅಂತ ಅವರನ್ನು ಕೇಳೋಕೆ ಆಗಲೇ ಇಲ್ಲ, ಇವತ್ತಿಗೂ ಅದು ಮನಸ್ಸಿನಲ್ಲಿ ಚುಚ್ಚುತ್ತೆ. ನೀನು ಎರಡನೇ ತಿಂಗಳಲ್ಲೇ ಹೋಗಿ, ಬರೆದದ್ದನ್ನು ಅವರಿಗೆ ಓದಿ ಹೇಳು. ಭಾನುವಾರ ಮನೆಗೆ ಬಾ, ಪ್ರಶ್ನೆಪಟ್ಟಿಯನ್ನು ಕೂತು ಸರಿಮಾಡೋಣ.

ನಿನ್ನ ಚಿಕ್ಕಮ್ಮ